ಕಣ್ಣು ನೋಡಿದವಳು

ಮೇ ೬

ಪುಟ್ಟಿ,

ನನ್ನ ಕೈಯಲ್ಲಿ ಕಾಗದ ಬರೆಸುತ್ತೀಯಲ್ಲ, ನಿನಗೇನು ಬಂದಿದೆ? ಏಳನೇ ಕ್ಲಾಸಿಗೇ ಸ್ಲೇಟು ಎತ್ತಿಟ್ಟವಳು ನಾನು. ಆಮೇಲೆ ಬರೆದದ್ದೆಲ್ಲ ಬರೀ ಚೀಟಿ. ಬಲಗಣ್ಣು ಇಷ್ಟು, ಎಡಗಣ್ಣು ಇಷ್ಟು, ಡ್ರಾಪ್ಸ್ ಹಾಕಿದೆ, ಮುಂದಿನವರು ಬನ್ನಿ. ಅಂಥವಳಿಗೆ "ಇನ್ನು ಮೇಲೆ ಫೋನ್ ಬೇಡ, ಏನಿದ್ದರೂ ಬರೆದು ಕಳಿಸಲಿ" ಅಂತ ಇಲ್ಲಿನ ಡಾಕ್ಟರಮ್ಮನ ಕೈಲಿ ಹೇಳಿ ಕಳಿಸುತ್ತೀಯ. ದೊಡ್ಡಾಸ್ಪತ್ರೆಯಲ್ಲಿ ಸಿಬ್ಬಂದಿ ವಿಭಾಗದ ಕುರ್ಚಿ ಸಿಕ್ಕಿತು ಅಂತ ದೊಡ್ಡಮ್ಮನಿಗೇ ಅಪ್ಪಣೆ. ನಿನ್ನ ಮೂಗಿನ ಮೇಲೆ ಮೊದಲನೇ ಕನ್ನಡಕ ಕೂರಿಸಿದವಳು ನಾನು, ನೆನಪಿರಲಿ. ಅವತ್ತು ನೀನು ಮಾಡಿದ ರಂಪಕ್ಕೆ ಕೆಳಗಿನ ಅಂಗಡಿಯವನು ಮೆಟ್ಟಿಲು ಹತ್ತಿ ಬಂದಿದ್ದ.

ಸರಿ, ಬರೆಯುತ್ತೇನೆ. ಬರೆದ ಮೇಲೆ ಓದುವುದು ನಿನ್ನ ಕರ್ಮ.

ನೀನು ಕಳಿಸಿದ ಹುಡುಗಿ ಸೋಮವಾರ ಬಂದಳು. ಎತ್ತರದ ಆಳು, ಕತ್ತರಿಸಿದ ಕೂದಲು, ಕುತ್ತಿಗೆಗೆ ಒಂದು ಪುಟ್ಟ ಸ್ಲೇಟು ನೇತುಹಾಕಿಕೊಂಡಿದ್ದಾಳೆ. "ಬಾಮ್ಮ, ಊಟ ಆಯ್ತಾ?" ಅಂದೆ. ಅವಳು ನನ್ನ ಬಾಯನ್ನೇ ನೋಡಿದಳು. ಆಮೇಲೆ ಸ್ಲೇಟಿನ ಮೇಲೆ ಬರೆದಳು: "ಆಯಿತು. ನನಗೆ ಕಿವಿ ಕೇಳುವುದಿಲ್ಲ. ಎದುರಿಗೆ ನಿಂತು ಮಾತಾಡಿ."

ನಾನು ನೇರ ಡಾಕ್ಟರಮ್ಮನ ಹತ್ತಿರ ಹೋದೆ.

ಪುಟ್ಟಿ, ನೀನು ಈ ಕಣ್ಣಾಸ್ಪತ್ರೆಯ ತಪಾಸಣೆ ಹಾಲಿನಲ್ಲೇ ಮೇಜಿನ ಕೆಳಗೆ ಆಡಿ ಬೆಳೆದವಳು. ಇಲ್ಲಿನ ಕೆಲಸ ಏನು ಅಂತ ನಿನಗೆ ನಾನು ಹೇಳಬೇಕೇ? ಆ ಕಡೆ ಗೋಡೆಯ ಮೇಲೆ ಅಕ್ಷರದ ಪಟ. ಈ ಕಡೆ ಕುರ್ಚಿ. ಕುರ್ಚಿಯ ಹಿಂದೆಯೇ ಕಾಯುವವರ ಬೆಂಚು. ನಾನು ಕೋಲು ತೋರಿಸುತ್ತೇನೆ, ಅವರು ಓದುತ್ತಾರೆ, ನಾನು ಕೇಳುತ್ತೇನೆ. ಮುಂದೆ ಕೂತವರು ಓದುವುದು ಹಿಂದಿನವರಿಗೆ ಕೇಳಿಸಿ ಅವರಿಗೂ ಧೈರ್ಯ ಬರುತ್ತದೆ. ಕೋಲು ತೋರಿಸಲು ಅನುಕೂಲ ಅಂತ ಈಗ ಎರಡು ವರ್ಷದಿಂದ ನಾನು ಪಟದ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂರುತ್ತೇನೆ. ಇಷ್ಟೇ ಕೆಲಸ. ಪೂರ್ತಿ ಕಿವಿಯ ಕೆಲಸ. ಅದಕ್ಕೆ ನೀನು ಕಿವಿಯೇ ಇಲ್ಲದವಳನ್ನು ಹುಡುಕಿ ಕಳಿಸಿದ್ದೀಯ.

ಡಾಕ್ಟರಮ್ಮ ನಿನ್ನ ಸುತ್ತೋಲೆ ಓದಿ ಹೇಳಿದರು. ಎಲ್ಲ ಬಗೆಯ ಜನ ಕಣ್ಣು ತೋರಿಸಲು ಬರುತ್ತಾರೆ, ಆದ್ದರಿಂದ ಕಣ್ಣು ನೋಡುವವರಲ್ಲೂ ಎಲ್ಲ ಬಗೆಯ ಜನ ಇರಬೇಕು, ಹೊಸ ರೀತಿಯ ಕೆಲಸ ಬರಬೇಕು, ಅಂತ. ಓದಲು ಚೆನ್ನಾಗಿದೆ. ಇಲ್ಲಿ ಬಂದು ಒಂದು ಸೋಮವಾರ ಕೂತು ನೋಡು.

ಅವಳಿಗೆ ನವೆಂಬರ್ ತನಕ ಪರೀಕ್ಷೆಯ ಅವಧಿಯಂತೆ, ಖಾಯಂ ಮಾಡುವುದೋ ಬಿಡುವುದೋ ಎನ್ನುವುದು ನನ್ನ ಮಾತಿನ ಮೇಲಂತೆ. ನವೆಂಬರ್ ತನಕ ಯಾಕೆ? ಈಗಲೇ ಹೇಳುತ್ತೇನೆ. ಬೇಡ.

ಈ ಕಾಗದ ನಿಮ್ಮಮ್ಮನಿಗೆ ತೋರಿಸಬೇಡ. ನನ್ನ ತಂಗಿಯಾದರೂ ನನ್ನ ಅಕ್ಷರ ನೋಡಿ ನಗುತ್ತಾಳೆ.

ದೊಡ್ಡಮ್ಮ

*

ಮೇ ೧೫

ಪ್ರೀತಿಯ ದೊಡ್ಡಮ್ಮ,

ನಿನ್ನ ಅಕ್ಷರ ಚೆನ್ನಾಗಿಯೇ ಇದೆ. ಅಮ್ಮ ನಗಲಿಲ್ಲ. (ತೋರಿಸಿದೆ, ಬೈಕೋ.)

ಫೋನ್ ಯಾಕೆ ಬೇಡ ಅಂದೆ ಎಂದು ಕೇಳಿದ್ದೀಯ. ಇತ್ತೀಚೆಗೆ ಫೋನಿನಲ್ಲಿ ನಾನು ಒಂದು ಕೇಳಿದರೆ ನೀನು ಇನ್ನೊಂದು ಹೇಳಿ, ಬೈದು, ಇಟ್ಟುಬಿಡುತ್ತೀಯ. ಕಾಗದದಲ್ಲಿ ನೋಡು, ಕೇಳಿದ್ದಕ್ಕೆಲ್ಲ ಉತ್ತರ ಬಂದಿದೆ, ಬೈಗುಳದ ಸಮೇತ. ನನಗೆ ಇದೇ ಇಷ್ಟ.

ಆ ಹುಡುಗಿ ಕಣ್ಣು ತಪಾಸಣೆಯ ಕೋರ್ಸಿನಲ್ಲಿ ಮೊದಲನೆಯವಳಾಗಿ ಪಾಸಾದವಳು. ನಾಲ್ಕು ಶಾಖೆಯವರು ಬೇಡ ಅಂದರು. ನೀನೂ ಬೇಡ ಅನ್ನುತ್ತೀ ಅಂತ ಗೊತ್ತಿತ್ತು. ಆದರೆ ಅವರೆಲ್ಲ ನಯವಾಗಿ ಬೇಡ ಅಂದರು. ನೀನು ಜಗಳ ಆಡುತ್ತೀ. ಜಗಳ ಆಡುವವರ ಹತ್ತಿರ ಕೆಲಸ ಕಲಿಯಬಹುದು.

ಒಂದೇ ಒಂದು ಮಾತು. ಅವಳ ಹತ್ತಿರ ಕಿರುಚಬೇಡ. ಕಿರುಚಿದರೆ ತುಟಿಯ ಆಕಾರ ಕೆಡುತ್ತದೆ, ಅವಳಿಗೆ ಓದಲು ಆಗುವುದಿಲ್ಲ. ಮೆಲ್ಲಗೆ ಹೇಳು. ಮೆಲ್ಲಗೆ ಹೇಳುವುದನ್ನು ಕಲಿತರೆ ಬೇರೆಯವರಿಗೂ ಉಪಯೋಗ.

ನಿನ್ನ
ಪುಟ್ಟಿ

*

ಜೂನ್ ೧೧

ಪುಟ್ಟಿ,

ಮೆಲ್ಲಗೆ ಹೇಳಬೇಕಂತೆ. ಅವಳಿಗೆ ಮೆಲ್ಲಗೆ ಹೇಳು ಹೋಗು. ಕೋಪ ಬಂದರೆ ಅಂಗೈಯಿಂದ ಮೇಜು ಗುದ್ದುತ್ತಾಳೆ. ಆ ಸದ್ದು ಅವಳಿಗೆ ಕೇಳುವುದಿಲ್ಲ, ಕಷ್ಟ ಎಲ್ಲ ನಮಗೆ. ನಾನು ಅವಳಿಗೆ ಮೆಣಸಿನಕಾಯಿ ಅಂತ ಹೆಸರಿಟ್ಟಿದ್ದೇನೆ. ಅದನ್ನು ನನ್ನ ತುಟಿಯಿಂದ ಓದಿಕೊಂಡು ಸ್ಲೇಟಿನಲ್ಲಿ ಬರೆದಳು: "ನೀವು ಮೆಣಸಿನಕಾಯಿ ತೋಟ." ಹಾಲ್ ಪೂರ್ತಿ ನಕ್ಕಿತು. ನಾನು ನಗಲಿಲ್ಲ.

ಈಗ ಅವಳ ಹೊಸ ರೀತಿ ಕೇಳು. ಓದು ಬರದವರಿಗೆ ಅಂತ ನಮ್ಮಲ್ಲಿ ಇನ್ನೊಂದು ಪಟ ಇದೆಯಲ್ಲ, ಮೂರು ಕಾಲಿನ ಬಾಚಣಿಗೆಯಂಥ ಗುರುತು, ಕಾಲು ಯಾವ ಕಡೆಗೆ ಅಂತ ಕೈ ತೋರಿಸಬೇಕು. ಅವಳು ಅದನ್ನೇ ಎಲ್ಲರಿಗೂ ಹಾಕುತ್ತಿದ್ದಾಳೆ. ಮೇಲೆ, ಕೆಳಗೆ, ಆ ಕಡೆ, ಈ ಕಡೆ, ಬೆರಳು ತೋರಿಸಿದರೆ ಮುಗಿಯಿತು. ಲೆನ್ಸ್ ಬದಲಾಯಿಸುವಾಗ ಮೊದಲನೆಯದು ಚೆನ್ನಾಗಿದ್ದರೆ ಒಂದು ಬೆರಳು, ಎರಡನೆಯದಾದರೆ ಎರಡು. ಬಾಯಿ ಬಿಡುವ ಕೆಲಸವೇ ಇಲ್ಲ. ಮುಂದಿನವರನ್ನು ಕೂಗುವ ಬದಲು ಬೆಂಚಿನ ಮೇಲೆ ಒಂದು ಬಲ್ಬು ತೂಗುಹಾಕಿ, ಸ್ವಿಚ್ಚು ತನ್ನ ಕಾಲ ಹತ್ತಿರ ಇಟ್ಟುಕೊಂಡಿದ್ದಾಳೆ. ಅದು ಸಾಲದು ಅಂತ ಬಿಸ್ಕತ್ತಿನ ಡಬ್ಬಿಯ ಮುಚ್ಚಳಗಳಿಗೆ ದೊಡ್ಡದು, ಚಿಕ್ಕದು, ತೀರ ಚಿಕ್ಕದು ಅಂತ ಆ ಬಾಚಣಿಗೆಯನ್ನು ಬರೆದು, ಮೊಳೆಗೆ ಸಿಕ್ಕಿಸಿ, ದಾರ ಕಟ್ಟಿ, ತನ್ನ ಜಾಗದಿಂದಲೇ ಎಳೆದು ತಿರುಗಿಸುತ್ತಾಳೆ. ಡಾಕ್ಟರಮ್ಮ ಅಳತೆಪಟ್ಟಿ ತಂದು ಅಳೆದು, ಅಳತೆ ಸರಿಯಿದೆ ಅಂದುಬಿಟ್ಟರು. ಆಸ್ಪತ್ರೆಯೋ ಆಟಿಕೆ ಅಂಗಡಿಯೋ?

ಮೊನ್ನೆ ಬ್ಯಾಂಕಿನ ಆಫೀಸರೊಬ್ಬರು ಅವಳ ಸಾಲಿಗೆ ಬಿದ್ದರು. ಮುಚ್ಚಳ ನೋಡಿ ಕೆರಳಿದರು.

"ಏನಮ್ಮ ಇದು? ನಾನು ಆಫೀಸರ್ ಕಣಮ್ಮ. ಓದು ಬರದವನ ಥರ ಕಾಣ್ತೀನಾ ನಿನ್ನ ಕಣ್ಣಿಗೆ?"

"ಅಕ್ಷರದ ಪಟ ಹಾಕೇ," ಅಂತ ನಾನೂ ಈ ಕಡೆಯಿಂದ ಅವರ ಪರ ಮಾತಾಡಿದೆ.

ಅವಳು ಸ್ಲೇಟು ತೆಗೆದು ಬರೆದು ಆ ಮನುಷ್ಯನ ಮುಖಕ್ಕೆ ಹಿಡಿದಳು: "ಓದು ಬರುತ್ತದೆ ಅಂತ ಗೊತ್ತು. ಕಾಣುತ್ತದೆಯೋ ಇಲ್ಲವೋ ಗೊತ್ತಿಲ್ಲ."

ಅವರು ಕೂತು ಬೆರಳು ತೋರಿಸಿದರು. ಹೋಗುವಾಗ ಅವಳಿಗೆ ಥ್ಯಾಂಕ್ಸ್ ಬೇರೆ. ಪರ ಮಾತಾಡಿದ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಈಗ ಕಟ್ಟಡ ಕೆಲಸಕ್ಕೆ ಅಂತ ಎಲ್ಲೆಲ್ಲಿಂದಲೋ ಬಂದ ಜನ ಇಲ್ಲಿ ತುಂಬಿದ್ದಾರೆ. ಅವರ ಮಾತು ನನಗೆ ಬರುವುದಿಲ್ಲ, ನನ್ನದು ಅವರಿಗೆ ಬರುವುದಿಲ್ಲ. ಮೊದಲು ನಾನು ಕೂಗುವುದು, ಅವರು ಬೆದರುವುದು, ಹೀಗೇ ನಡೆಯುತ್ತಿತ್ತು. ಈಗ ಅವರೆಲ್ಲ ಅವಳ ಸಾಲಿಗೇ ಹೋಗುತ್ತಾರೆ. ಅವರ ನಾಲಿಗೆಗೆ ಯಾವ ಭಾಷೆಯಾದರೂ ಇರಲಿ, ಬೆರಳಿಗೆ ಭಾಷೆ ಇಲ್ಲವಲ್ಲ. ನನ್ನ ಸಾಲು ಗಿಡ್ಡವಾಗಿದೆ. ಹೇಳಿಕೊಳ್ಳುತ್ತಿಲ್ಲ, ಸುಮ್ಮನೆ ತಿಳಿಸಿದೆ.

ನನ್ನ ಮಾತು ಬದಲಾಗಿಲ್ಲ. ಬೇಡ.

ದೊಡ್ಡಮ್ಮ

*

ಜುಲೈ ೯

ಪುಟ್ಟಿ,

ಕೋಪದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಓದಿಕೋ.

ಇವತ್ತು ಒಬ್ಬ ಬಸ್ ಡ್ರೈವರ್ ವರ್ಷದ ಚೀಟಿಗೆ ಬಂದಿದ್ದ. ಈ ಕಣ್ಣಾಸ್ಪತ್ರೆಯ ಚೀಟಿ ಇಲ್ಲದೆ ಅವರ ಕಂಪನಿಯಲ್ಲಿ ಸ್ಟಿಯರಿಂಗ್ ಮುಟ್ಟಲು ಬಿಡುವುದಿಲ್ಲ. ಡ್ರೈವರ್ ಚೀಟಿಗೆ ಪಟ ಓದಿದರೆ ಸಾಕು, ನಾನು ಬರೆಯುತ್ತೇನೆ, ಡಾಕ್ಟರಮ್ಮ ಸಹಿ ಹಾಕುತ್ತಾರೆ. ನನ್ನ ಸಾಲಿನಲ್ಲಿ ಕೂತ. ಬಲಗಣ್ಣು ಮುಚ್ಚಿ ಓದಿದ, ಎಡಗಣ್ಣು ಮುಚ್ಚಿ ಓದಿದ, ಒಂದಕ್ಷರ ತಪ್ಪಿಲ್ಲ. ಚೀಟಿ ಬರೆದೆ. ಅವನು ಎದ್ದು ಕೈಮುಗಿಯುತ್ತಿದ್ದ ಹಾಗೆಯೇ ನಿನ್ನ ಮೆಣಸಿನಕಾಯಿ ತನ್ನ ಸಾಲು ಬಿಟ್ಟು ಬಂದು ನನ್ನ ಮೇಜಿನ ಮೇಲಿದ್ದ ಚೀಟಿ ಎತ್ತಿಕೊಂಡಳು. ನಾನು ಬರೆದ ಚೀಟಿ! ಎತ್ತಿಕೊಂಡು ಜೇಬಿಗೆ ಹಾಕಿಕೊಂಡಳು. ಬೆಂಚಿನ ಮೇಲೆ ಕೂತ ಇಡೀ ಊರು ನೋಡುತ್ತಿದೆ.

"ಕೊಡೇ ಇಲ್ಲಿ!" ಅಂದೆ.

ಇಲ್ಲ ಅಂತ ತಲೆ ಆಡಿಸಿದಳು. ಡ್ರೈವರ್ ಕೂಗಾಡಿದ. "ಏನ್ ಆಸ್ಪತ್ರೆನಮ್ಮ ಇದು? ಒಬ್ರು ಚೀಟಿ ಕೊಡೋದು, ಇನ್ನೊಬ್ರು ಕಿತ್ಕೊಳ್ಳೋದು! ನನ್ನ ಡ್ಯೂಟಿ ಹೋದ್ರೆ ನೀವು ಅನ್ನ ಹಾಕ್ತೀರಾ? ದೊಡ್ಡಾಸ್ಪತ್ರೆಗೆ ಬರೀತೀನಿ, ನೋಡ್ತಿರಿ!" ಅಂತ ಬಾಗಿಲು ಬಡಿದು ಹೋದ.

ನಾನು ಅವಳನ್ನು ಎಲ್ಲರೆದುರು ಬೈದೆ. ಅವಳು ಮೇಜು ಗುದ್ದಿದಳು. ಏನೋ ಬರೆಯಲು ಸ್ಲೇಟು ಎತ್ತಿದಳು, ನಾನು ಮುಖ ತಿರುಗಿಸಿದೆ.

ಇನ್ನು ನನ್ನಿಂದಾಗದು. ನಾನಿರಬೇಕು, ಇಲ್ಲವೇ ಅವಳು. ಈ ಕಾಗದವನ್ನು ನಿಮ್ಮ ನೇಮಕಾತಿ ಕಮಿಟಿಯ ಮುಂದೆ ಇಡು. ಕಿವಿ ಕೇಳದವಳು ಈ ಹಾಲಿನ ಕೆಲಸ ಮಾಡಲಾರಳು ಅಂತ ನಾನು, ಇಷ್ಟು ವರ್ಷ ಇಲ್ಲಿ ಕೂತವಳು, ಬರೆದು ಕೊಟ್ಟಿದ್ದೇನೆ.

ದೊಡ್ಡಮ್ಮ

*

ಜುಲೈ ೧೪

ಪುಟ್ಟಿ,

ಹಿಂದಿನ ಕಾಗದ ಬಂದಿದ್ದರೆ ಕಮಿಟಿಗೆ ಕೊಡಬೇಡ. ಹರಿದು ಹಾಕು.

ಆವತ್ತು ಹಾಲ್ ಮುಚ್ಚುವಾಗ ಅವಳ ಸ್ಲೇಟು ನನ್ನ ಸ್ಟೂಲಿನ ಮೇಲಿತ್ತು. "ಅವನ ಕಣ್ಣು ಕದಲಲಿಲ್ಲ" ಅಂತ ಬರೆದಿತ್ತು. ಅಷ್ಟೇ. ಅದನ್ನು ಮೂರು ಸಲ ಓದಿದೆ.

ಮಾರನೆಯ ದಿನ ನಾನೇ ಬಸ್ ಸ್ಟ್ಯಾಂಡಿಗೆ ಹೋಗಿ ಅವನನ್ನು ಹಿಡಿದೆ. "ಚೀಟಿ ಬೇಕಾದ್ರೆ ಬಾ, ಇನ್ನೊಂದ್ಸಲ ಕೂತ್ಕೋ," ಅಂದೆ. ಬಂದ. ಅಕ್ಷರದ ಪಟಕ್ಕೆ ಬಟ್ಟೆ ಮುಚ್ಚಿ, ಅವಳ ಡಬ್ಬಿ ಮುಚ್ಚಳದ ಎದುರು ಕೂರಿಸಿದೆ. ಬಲಗಣ್ಣು ಸರಿಯಾಗಿತ್ತು. ಬಲಗಣ್ಣು ಮುಚ್ಚಿ ಎಡಗಣ್ಣು ಮಾತ್ರ ಬಿಟ್ಟಾಗ, ಎಲ್ಲಕ್ಕಿಂತ ದೊಡ್ಡ ಮುಚ್ಚಳಕ್ಕೂ ಅವನ ಬೆರಳು ಗಾಳಿಯಲ್ಲಿ ಸುಮ್ಮನೆ ತೇಲಾಡಿತು. ಮೇಲಕ್ಕೋ, ಕೆಳಕ್ಕೋ ಗೊತ್ತಿಲ್ಲ. ಅಷ್ಟು ದೊಡ್ಡ ಆಳು, ಆ ಬೆರಳು ನೋಡಲು ನನಗೆ ಆಗಲಿಲ್ಲ.

"ನಿನ್ನೆ ಹೆಂಗೋ ಓದ್ದೆ?" ಅಂದೆ.

"ಬೆಂಚಿನ ಮೇಲೆ ಕೂತಿದ್ನಲ್ಲಮ್ಮ. ನನ್ನ ಮುಂದಿನೋರೆಲ್ಲ ಅದನ್ನೇ ಓದ್ತಿದ್ರು. ಕೇಳಿ ಕೇಳಿ ಬಾಯಿಪಾಠ ಆಗೋಯ್ತು. ಹೋದ ವರ್ಷಾನೂ ಹಂಗೇ."

"ಆ ಬಸ್ಸಲ್ಲಿ ನಾನೂ ಹೋಗ್ತೀನಿ ಕಣೋ!"

"ಗೊತ್ತಮ್ಮ. ನೀವು ಹತ್ತಿದ ದಿನ ಇನ್ನೂ ನಿಧಾನಕ್ಕೆ ಓಡಿಸ್ತೀನಿ."

ನಗಬೇಕೋ ಅಳಬೇಕೋ ಹೇಳು. ಡಾಕ್ಟರಮ್ಮ ದೀಪ ಹಾಕಿ ನೋಡಿದರು. ಪೊರೆ, ಗಟ್ಟಿಯಾಗಿ ಕೂತಿದೆ. ಆಪರೇಷನ್ ಮಾಡಿದರೆ ಹೋಗುತ್ತದೆ ಅಂದರು. ಅವನು ಅದು ಕಣ್ಣೇ ಹೋಗುವ ರೋಗ ಅಂದುಕೊಂಡು ಹೆಂಡತಿಗೂ ಹೇಳದೆ ಬಾಯಿ ಮುಚ್ಚಿಕೊಂಡಿದ್ದನಂತೆ. ಕುರ್ಚಿಯ ಮೇಲೇ ಮುಖ ಮುಚ್ಚಿಕೊಂಡ. ಮೆಣಸಿನಕಾಯಿ ಅವನಿಗೆ ನೀರು ಕೊಟ್ಟಳು. ನನಗೆ ಕೊಡಲಿಲ್ಲ.

ಅವಳು ಸಾಮಾನ್ಯದವಳಲ್ಲ, ಒಪ್ಪಿದೆ. ನನ್ನ ಕಾಗದ ಹರಿದು ಹಾಕು.

ದೊಡ್ಡಮ್ಮ

*

ಆಗಸ್ಟ್ ೨೨

ದೊಡ್ಡಮ್ಮ,

ಜುಲೈನ ನಿನ್ನ ಎರಡನೇ ಕಾಗದ ತಡವಾಗಿ ಬಂತು. ಮೊದಲನೆಯದನ್ನು ನೀನೇ ಹೇಳಿದ ಹಾಗೆ ಕಮಿಟಿಯ ಮುಂದೆ ಇಟ್ಟಿದ್ದೆ. ಅದರ ಪಕ್ಕದಲ್ಲೇ ಡ್ರೈವರ್ ಬರೆದ ದೂರು. ಅವನು ಆಮೇಲೆ ದೂರು ವಾಪಸ್ ತೆಗೆದುಕೊಂಡ, ನಿಜ. ಆದರೆ ಅಷ್ಟರಲ್ಲಿ ಮಾತು ಅವನನ್ನು ದಾಟಿ ಹೋಗಿತ್ತು. "ಇಷ್ಟು ಅನುಭವ ಇರೋರೇ ಬರೆದುಕೊಟ್ಟಿದ್ದಾರಲ್ಲ" ಅಂದರು. ಕಿವಿ ಕೇಳದವರನ್ನು ತಪಾಸಣೆಯ ಹಾಲಿನಲ್ಲಿ ಯಾವ ಶಾಖೆಯಲ್ಲೂ ಕೂರಿಸಬಾರದು ಎನ್ನುವಲ್ಲಿಗೆ ಬಂದು ನಿಂತಿದೆ. ಸೆಪ್ಟೆಂಬರ್ ಒಂದರಿಂದ ಅವಳು ನಿಮ್ಮಲ್ಲೇ ಸ್ಟೋರಿನಲ್ಲಿ ಕನ್ನಡಕದ ಫ್ರೇಮು ಒರೆಸಬೇಕು. ನವೆಂಬರ್ ಕೊನೆಗೆ ಅವಧಿ ಮುಗಿದಾಗ ಕಳಿಸಿಬಿಡುತ್ತಾರೆ.

ಚೀಟಿ ಕಿತ್ತುಕೊಂಡದ್ದು ತಪ್ಪು ಅಂತ ನಾನು ಅವಳಿಗೂ ಬರೆದಿದ್ದೇನೆ. ಆದರೆ ಅದಕ್ಕಾಗಿ ಅವಳನ್ನು ಕಳೆದುಕೊಳ್ಳಲು ನನಗೆ ಇಷ್ಟವಿಲ್ಲ. ಅವಳೊಬ್ಬಳೇ ಅಲ್ಲ ದೊಡ್ಡಮ್ಮ, ಕೋರ್ಸಿನಲ್ಲಿ ಅವಳ ಹಿಂದೆ ಕಿವಿ ಕೇಳದವರು ಇನ್ನೂ ಮೂವರು ಇದ್ದಾರೆ. ಅವಳು ಹೋದರೆ ಅವರಿಗೂ ಬಾಗಿಲು ಮುಚ್ಚುತ್ತದೆ.

ಆದೇಶ ಬದಲಾಯಿಸುವುದು ನನ್ನ ಒಬ್ಬಳ ಕೈಯಲ್ಲಿಲ್ಲ. ಕಿವಿ ಕೇಳದೆ ಈ ಕೆಲಸ ಹೇಗೆ ಮಾಡಲು ಸಾಧ್ಯ ಎಂದು ಕಾರಣ ಬರೆದು ಕೊಟ್ಟರೆ ಇನ್ನೊಮ್ಮೆ ಕೂರುತ್ತಾರೆ. ಬೇಡ ಅಂತ ಬರೆದವಳು ನೀನು. ಬೇಕು ಅಂತಲೂ ನೀನೇ ಬರೆಯಬೇಕು. ಬೈಗುಳ ಬೇಡ, ಕಾರಣ ಬೇಕು.

ಇನ್ನೊಂದು ಕೇಳಬೇಕು ಅಂತಿದ್ದೆ. ಬಿಡು. ನಿನಗೆ ಯಾವಾಗ ಹೇಳಬೇಕೆನಿಸುತ್ತದೋ ಆಗ ಹೇಳು.

ಪುಟ್ಟಿ

*

ಅಕ್ಟೋಬರ್ ೧೯

ಮೇಡಂ ಅವರಿಗೆ,

ನಾನು ಯಾರು ಎಂದು ತಿಳಿಯಲು ಮೆಣಸಿನಕಾಯಿ ಎಂದರೆ ಸಾಕು.

ದೊಡ್ಡಮ್ಮನ ಉತ್ತರ ಬರಲಿಲ್ಲ ಎಂದು ನೀವು ನನ್ನನ್ನು ಕೇಳಿದ್ದೀರಿ. ಅವರು ಬರೆಯುತ್ತಿದ್ದಾರೆ. ಬರೆದು ಹರಿಯುತ್ತಾರೆ. ಸ್ಟೋರಿನ ಕಸದ ಬುಟ್ಟಿ ನಾನೇ ಖಾಲಿ ಮಾಡುವುದರಿಂದ ಗೊತ್ತು.

ಹಾಲಿನಲ್ಲಿ ನನ್ನ ಬಲ್ಬು, ಮುಚ್ಚಳ, ದಾರ ಎಲ್ಲ ಹಾಗೇ ಇವೆ. ಅವರೇ ಉಪಯೋಗಿಸುತ್ತಾರೆ. ಬೆಂಚನ್ನು ಹೊರಗಿನ ಪಡಸಾಲೆಗೆ ಸಾಗಿಸಿದ್ದಾರೆ. ದಾರ ಎರಡು ಸಲ ಹರಿದುಹೋಗಿದೆ, ಜೋರಾಗಿ ಎಳೆಯುತ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಸ್ಟೋರಿಗೆ ಬಂದು ನನ್ನ ಎದುರು ಕೂತು ಕೈಸನ್ನೆ ಕಲಿಯುತ್ತಿದ್ದಾರೆ. ಮೊದಲು ಕಲಿತದ್ದು ಬೈಯುವುದನ್ನು. ಈಗ "ನಿಧಾನ", "ಹೆದರಬೇಡ", "ಇನ್ನೊಂದು ಸಲ ನೋಡು" ಬರುತ್ತದೆ. "ದಯವಿಟ್ಟು" ಇನ್ನೂ ಬರುವುದಿಲ್ಲ.

ಅವರ ಬಗ್ಗೆ ನನಗೆ ಒಂದು ವಿಷಯ ಗೊತ್ತು. ಬಂದ ಮೊದಲ ವಾರವೇ ಗೊತ್ತಾಯಿತು. ಬೇರೆ ಯಾರಿಗೂ ಗೊತ್ತಾಗಿಲ್ಲ. ಅದು ಅವರದು, ಅವರೇ ಬರೆಯಲಿ. ನಾನು ಹೇಳಿದರೆ ನನ್ನ ಕೆಲಸ ಉಳಿಯಬಹುದು. ಆದರೂ ಹೇಳುವುದಿಲ್ಲ. ನೀವು ಕಾಯಿರಿ.

ನಾನು ಈ ಕಾಗದ ಬರೆದದ್ದು ಅವರಿಗೆ ತಿಳಿಸಬೇಡಿ. ಮೇಜು ಗುದ್ದುವುದನ್ನೂ ಅವರು ಕಲಿತಿದ್ದಾರೆ.

ವಂದನೆಗಳು,
ಮೆಣಸಿನಕಾಯಿ

*

ನವೆಂಬರ್ ೨೪

ಪುಟ್ಟಿ,

ಇದು ನಿನಗೂ ಹೌದು, ನಿನ್ನ ಕಮಿಟಿಗೂ ಹೌದು. ಅಲ್ಲಿ ಓದುವಾಗ ಒಳ್ಳೆ ಗಂಟಲಿರುವವರ ಕೈಲಿ ಓದಿಸು. ನೀನು ಓದಿದರೆ ನಡುವೆ ನಡುವೆ ಬಿಟ್ಟುಬಿಡುತ್ತೀಯ.

ಕಾರಣ ಕೇಳಿದ್ದೀರಿ. ಅಲ್ಲಿಗೇ ಬರುತ್ತೇನೆ, ತಾಳಿ.

ಸ್ಟೋರಿನಲ್ಲಿ ಒಂದು ಮಧ್ಯಾಹ್ನ ಆ ಹುಡುಗಿ ಫ್ರೇಮು ಒರೆಸುತ್ತಾ ನನ್ನ ಕಡೆ ನೋಡಿ "ಚಹಾ ಬೇಕಾ?" ಅಂದಳು. "ಸಕ್ಕರೆ ಕಡಿಮೆ," ಅಂದೆ. ಅವಳು ಬಟ್ಟೆ ಕೆಳಗಿಟ್ಟು ಸ್ಲೇಟು ತೆಗೆದಳು. "ನಾನು ದನಿ ತೆಗೆಯಲೇ ಇಲ್ಲ. ಬರೀ ತುಟಿ ಆಡಿಸಿದೆ," ಅಂತ ಬರೆದಳು.

ಸಿಕ್ಕಿಬಿದ್ದೆ.

ಎದ್ದು ಹೊರಟೆ. ಅವಳು ಬಾಗಿಲಿಗೆ ಅಡ್ಡ ನಿಂತಳು. ನಗಲಿಲ್ಲ. ಚಹಾ ತಂದು ಕೊಟ್ಟಳು, ಸಕ್ಕರೆ ಕಡಿಮೆ ಹಾಕಿಯೇ. ನಾವಿಬ್ಬರೂ ಕೂತು ಕುಡಿದೆವು. ಆ ಸ್ಟೋರಿನಲ್ಲಿ ಗಡಿಯಾರ ಟಿಕ್ ಟಿಕ್ ಅನ್ನುತ್ತದಂತೆ. ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಕಮಿಟಿಯವರೇ, ನನ್ನ ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಯಲ್ಲಿ ಗುಂಯ್ ಅನ್ನುವುದು ಬಿಟ್ಟರೆ ಹೆಚ್ಚೇನೂ ಇಲ್ಲ. ಎರಡು ವರ್ಷದಿಂದ ಹೀಗೇ ಇದೆ. ಕೋಲು ತೋರಿಸಲು ಅನುಕೂಲ ಅಂತ ಪಟದ ಪಕ್ಕ ಸ್ಟೂಲು ಹಾಕಿಕೊಂಡೆ ಅಂತ ಎಲ್ಲರಿಗೂ ಹೇಳುತ್ತಿದ್ದೆ, ಅದು ಕೋಲಿಗಲ್ಲ. ಪಟ ನೋಡುವವರ ಬಾಯಿ ನನಗೆ ಎದುರಿಗೆ ಕಾಣಲಿ ಅಂತ. ಅಕ್ಷರವೆಲ್ಲ ನನಗೆ ಗೊತ್ತಿದ್ದದ್ದೇ, ತುಟಿ ನೋಡಿದರೆ ಸಾಕಾಗುತ್ತಿತ್ತು. ಒಬ್ಬರಿಗೂ ಗೊತ್ತಾಗಲಿಲ್ಲ. ದೊಡ್ಡ ಗಂಟಲಿನವರಿಗೆ ಕಿವಿ ಕೇಳುವುದಿಲ್ಲ ಅಂತ ಯಾರೂ ಅಂದುಕೊಳ್ಳುವುದಿಲ್ಲ.

ಕಿವಿ ಕೇಳದವರು ಈ ಹಾಲಿನ ಕೆಲಸ ಮಾಡಲಾರರು ಅನ್ನುತ್ತೀರಿ. ನಾನು ಮಾಡುತ್ತಿದ್ದೇನೆ. ನೀವು ಸಂಬಳ ಕೊಡುತ್ತಿದ್ದೀರಿ. ಹೋದ ವರ್ಷ ಒಳ್ಳೆ ಕೆಲಸಗಾರ್ತಿ ಅಂತ ಶಾಲನ್ನೂ ಹೊದಿಸಿದ್ದೀರಿ.

ಆದರೆ ಅದನ್ನು ಹೇಳಲು ಬರೆಯುತ್ತಿಲ್ಲ. ನನ್ನದು ಮುಚ್ಚಿಟ್ಟ ಕಿವುಡು, ಅವಳದು ಬಿಚ್ಚಿಟ್ಟ ಕಿವುಡು. ಮುಚ್ಚಿಟ್ಟುಕೊಂಡವಳು ಹಳೆಯ ಕೆಲಸಕ್ಕೇ ಜೋತುಬಿದ್ದು, ಕೇಳುವವಳ ಹಾಗೆ ನಟಿಸುತ್ತಾ ಕೂತೆ. ಅವಳಿಗೆ ನಟಿಸುವ ಕಷ್ಟ ಇರಲಿಲ್ಲ. ಆದ್ದರಿಂದ ಬಾಯಿಯನ್ನು ಬಿಟ್ಟು ಬೇರೆ ಏನು ಮಾಡಬಹುದು ಅಂತ ಹುಡುಕಿದಳು. ಬಲ್ಬು ಬಂತು, ಬೆರಳು ಬಂತು, ತಿರುಗುವ ಮುಚ್ಚಳ ಬಂತು. ತಿರುಗುವುದನ್ನು ಯಾರೂ ಬಾಯಿಪಾಠ ಮಾಡಲಾರರು. ಆ ಡ್ರೈವರ್ ಓದುವಾಗ ನಾನು ಅವನ ತುಟಿ ನೋಡುತ್ತಿದ್ದೆ, ತುಟಿ ಸರಿಯಾಗಿ ಓದಿತು. ಅವಳು ಅವನ ಕಣ್ಣು ನೋಡುತ್ತಿದ್ದಳು. ಸಾಲು ಓದುವ ಕಣ್ಣು ಸಾಲಿನ ಜೊತೆ ಓಡಬೇಕು, ಅದು ನಿಂತಲ್ಲೇ ನಿಂತಿತ್ತು. ಇಡೀ ಕಣ್ಣಾಸ್ಪತ್ರೆಯಲ್ಲಿ ಆವತ್ತು ಕಣ್ಣು ನೋಡಿದವಳು ಅವಳೊಬ್ಬಳೇ.

ಇದೇ ಕಾರಣ. ನಿಮಗೆ ಇದಕ್ಕಿಂತ ದೊಡ್ಡದು ಬೇಕಿದ್ದರೆ ನನ್ನ ಹತ್ತಿರ ಇಲ್ಲ.

ಅವಳಿಗೆ ಆಗದ ಕೆಲಸವೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಕೈ ಎತ್ತಲಾರದ ಮುದುಕರು, ಏನೂ ಕಾಣದವರು, ಮಾತಿನಿಂದಲೇ ಸಮಾಧಾನ ಬೇಕಾದವರು, ಅವರಿಗೆ ಕಿವಿ ಬೇಕು. ನನಗೂ ಆಗದು. ಅದಕ್ಕೆ ಕಿವಿ ಕೇಳುವವರೊಬ್ಬರನ್ನು ಕಳಿಸಿ. ಗಂಡೋ ಹೆಣ್ಣೋ, ಯಾವ ಊರಿನವರೋ ನನಗೆ ಬೇಕಿಲ್ಲ, ತಾಳ್ಮೆ ಇದ್ದರೆ ಸಾಕು, ಅದು ಇಲ್ಲಿ ನಮ್ಮಿಬ್ಬರ ಹತ್ತಿರವೂ ಇಲ್ಲ. ಕೋರ್ಸಿನಲ್ಲಿ ಅವಳ ಹಿಂದಿರುವ ಮೂವರಲ್ಲಿ ಒಬ್ಬರನ್ನೂ ಇಲ್ಲಿಗೇ ಕಳಿಸಿ. ಸನ್ನೆ ನಾನು ಕಲಿಸುತ್ತೇನೆ. ಅಂದರೆ, ತಪ್ಪಾಗಿ ಕಲಿಸುತ್ತೇನೆ, ಮೆಣಸಿನಕಾಯಿ ತಿದ್ದುತ್ತಾಳೆ.

ಡ್ರೈವರ್ ಮೊನ್ನೆ ಬಂದಿದ್ದ. ಆಪರೇಷನ್ ಆಗಿ ವಾರಗಳು ಕಳೆದಿವೆ. ಹೆಂಡತಿಯನ್ನೂ ಕರೆತಂದಿದ್ದ. ಎಡಗಣ್ಣಿಗೆ ಎಲ್ಲಕ್ಕಿಂತ ಚಿಕ್ಕ ಮುಚ್ಚಳದ ತನಕ ಬೆರಳು ಒಂದು ಸಲವೂ ತಪ್ಪಲಿಲ್ಲ. ಚೀಟಿ ಬರೆದೆ. ಅವನು ಅದನ್ನು ಜೇಬಿಗೆ ಹಾಕಿಕೊಳ್ಳಲಿಲ್ಲ. ನೇರ ಸ್ಟೋರಿಗೆ ಹೋಗಿ ಅವಳ ಮುಂದೆ ಹಿಡಿದ. "ಈ ಸಲ ನೀವೇ ನೋಡಿ ಕೊಡಿ ತಾಯಿ," ಅಂದ. ಅವಳು ಚೀಟಿ ನೋಡಲಿಲ್ಲ, ಅವನ ಕಣ್ಣು ನೋಡಿದಳು. ಆಮೇಲೆ ಕೊಟ್ಟಳು.

ಈಗ ಕೊನೆಯ ಮಾತು. ಆದೇಶ ಬದಲಾಗಬೇಕು. ಡಿಸೆಂಬರಿನಲ್ಲಿ ಅವಳು ಸ್ಟೋರಿನಲ್ಲೂ ಇರಬಾರದು, ಮನೆಯಲ್ಲೂ ಇರಬಾರದು, ಹಾಲಿನಲ್ಲಿರಬೇಕು, ಖಾಯಂ ಆಗಿ. ಆಗುವುದಿಲ್ಲ ಅಂತಾದರೆ ಒಂದಲ್ಲ, ಎರಡು ಆದೇಶ ಬರೆಯಿರಿ. ಕಿವಿ ಕೇಳದ ಇಬ್ಬರನ್ನೂ ಒಟ್ಟಿಗೇ ಕಳಿಸಿ. ನಾವಿಬ್ಬರೂ ಕೆಳಗಿನ ಅಂಗಡಿ ಬಾಡಿಗೆಗೆ ಹಿಡಿದು ನಾಲ್ಕು ಡಬ್ಬಿ ಮುಚ್ಚಳ ನೇತುಹಾಕಿಕೊಳ್ಳುತ್ತೇವೆ. ಬೆದರಿಸುತ್ತಿಲ್ಲ, ಅಂಗಡಿಯವನ ಹತ್ತಿರ ವಿಚಾರಿಸಿ ಆಗಿದೆ.

ಪುಟ್ಟಿ, ಇಲ್ಲಿಂದ ನಿನಗೆ ಮಾತ್ರ, ಕಮಿಟಿಯಲ್ಲಿ ಓದಿಸಬೇಡ. ಆಗಸ್ಟಿನಲ್ಲಿ ಏನೋ ಕೇಳಬೇಕು ಅಂದು ಬಿಟ್ಟೆಯಲ್ಲ. ಮೇ ತಿಂಗಳಲ್ಲೇ ನಿನಗೆ ಗೊತ್ತಿತ್ತು. ಕಾಗದ ಬರೆಸಿದ್ದು ಅದಕ್ಕೇ. ನಾಲ್ಕು ಶಾಖೆ ಬೇಡ ಅಂದವಳನ್ನು ನನ್ನ ಹತ್ತಿರ ಕಳಿಸಿದ್ದೂ ಅದಕ್ಕೇ ಇರಬೇಕು. ನಿನ್ನ ಬುದ್ಧಿ ನಿಮ್ಮಮ್ಮನದಲ್ಲ, ನನ್ನದು. ಮುಂದಿನ ವಾರ ಮೆಣಸಿನಕಾಯಿ ನನ್ನನ್ನು ಕಿವಿಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಾಳಂತೆ. ಹೋಗುತ್ತೇನೆ. ಬೈದುಕೊಂಡೇ ಹೋಗುತ್ತೇನೆ.

ನವೆಂಬರ್ ಮುಗಿಯುವುದರೊಳಗೆ ಉತ್ತರ ಬರಬೇಕು. ಫೋನ್ ಮಾಡಬೇಡ. ಬರಿ.

ದೊಡ್ಡಮ್ಮ